ಸಂಬಳವಿಲ್ಲದೆ 9 ವರ್ಷ ಕೆಲಸ ಮಾಡಿದ ಮೇಷ್ಟ್ರು: ಕೆಮಿಸ್ಟ್ರಿ ಪುಸ್ತಕದ ಆ ಗಿಬ್ಸ್ ಯಾರು?

ಪ್ರಥಮ ಪಿಯುಸಿ ಅಥವಾ ಹನ್ನೊಂದನೇ ತರಗತಿಯಲ್ಲಿ ವಿಜ್ಞಾನ ಓದಿದವರಿಗೆ ಈ ಸೂತ್ರ ನೆನಪಿರಬಹುದು: ಡೆಲ್ಟಾ ಜಿ = ಡೆಲ್ಟಾ ಎಚ್ − ಟಿ × ಡೆಲ್ಟಾ ಎಸ್. ಉತ್ತರ ಮೈನಸ್ ಬಂದರೆ ರಾಸಾಯನಿಕ ಕ್ರಿಯೆ ತಾನಾಗಿಯೇ ನಡೆಯುತ್ತದೆ, ಪ್ಲಸ್ ಬಂದರೆ ನಡೆಯುವುದಿಲ್ಲ. ಇಷ್ಟನ್ನು ಬಾಯಿಪಾಠ ಮಾಡಿಕೊಂಡು, ಸಿಇಟಿಯಲ್ಲೋ ನೀಟ್‌ನಲ್ಲೋ ಜೆಇಇಯಲ್ಲೋ ಒಂದೆರಡು ಅಂಕ ಗಿಟ್ಟಿಸಿ ಮುಂದೆ ಹೋಗಿರುತ್ತೇವೆ.

ಆ ‘ಜಿ’ ಒಬ್ಬ ಮನುಷ್ಯನ ಹೆಸರಿನ ಮೊದಲ ಅಕ್ಷರ. ಜೋಸಯಾ ವಿಲ್ಲರ್ಡ್ ಗಿಬ್ಸ್. ಅಮೆರಿಕದ ಯೇಲ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಇವರಿಗೆ ಮೊದಲ 9 ವರ್ಷ ಸಂಬಳವೇ ಇರಲಿಲ್ಲ. ರಸಾಯನಶಾಸ್ತ್ರದ ದಿಕ್ಕು ಬದಲಿಸಿದ ಅವರ ಸುಮಾರು 300 ಪುಟಗಳ ಪ್ರಬಂಧ ಅಚ್ಚಾಗಿದ್ದೂ ಆ ಸಂಬಳವಿಲ್ಲದ ವರ್ಷಗಳಲ್ಲೇ, ಊರಿನ ಜನರ ಚಂದಾ ಹಣದಲ್ಲಿ.

ಬಂದರಿನಲ್ಲಿ ಅಂಕಿ ಎಣಿಸುತ್ತಾ ನಡೆದ ಅಪ್ಪ

ಗಿಬ್ಸ್ ಹುಟ್ಟಿದ್ದು 1839ರ ಫೆಬ್ರವರಿ 11ರಂದು, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನಲ್ಲಿ. ಅಪ್ಪನ ಹೆಸರೂ ಜೋಸಯಾ ವಿಲ್ಲರ್ಡ್ ಗಿಬ್ಸ್. ಯೇಲ್‌ನಲ್ಲಿ ಧರ್ಮಶಾಸ್ತ್ರ ಕಲಿಸುತ್ತಿದ್ದ ಅವರು ಭಾಷಾ ವಿದ್ವಾಂಸರು. ಮಗನ ಕಥೆಗೆ ಬರುವ ಮೊದಲು ಈ ಅಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು.

ಮಗ ಹುಟ್ಟಿದ ವರ್ಷವೇ ನ್ಯೂ ಹೇವನ್ ಜೈಲಿಗೆ ಒಂದು ಗುಂಪು ಆಫ್ರಿಕನ್ನರನ್ನು ತಂದು ಹಾಕಲಾಯಿತು. ಗುಲಾಮರೆಂದು ಮಾರಾಟವಾಗಿದ್ದ ಅವರು ಅಮಿಸ್ಟಾಡ್ ಎಂಬ ಹಡಗಿನಲ್ಲಿ ದಂಗೆ ಎದ್ದು, ಹಡಗನ್ನು ವಶಕ್ಕೆ ಪಡೆದು, ಕೊನೆಗೆ ಅಮೆರಿಕದ ತೀರದ ಬಳಿ ಸಿಕ್ಕಿಬಿದ್ದಿದ್ದರು. ಕೋರ್ಟಿನಲ್ಲಿ ಅವರ ಪರ ವಾದಿಸಲು ವಕೀಲರು ಸಿದ್ಧರಿದ್ದರು. ಆದರೆ ಅವರ ಮಾತು ಅಲ್ಲಿ ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ.

ಪ್ರೊಫೆಸರ್ ಜೈಲಿಗೆ ಹೋದರು. ಬೆರಳು ತೋರಿಸುತ್ತಾ, ಒಂದರಿಂದ ಹತ್ತರವರೆಗಿನ ಅಂಕಿಗಳನ್ನು ಅವರ ಭಾಷೆಯಲ್ಲೇ ಕಲಿತುಕೊಂಡರು. ಆಮೇಲೆ ನ್ಯೂಯಾರ್ಕ್ ಬಂದರಿಗೆ ಹೋಗಿ, ಹಡಗುಕಟ್ಟೆಗಳ ಮೇಲೆ ಆ ಅಂಕಿಗಳನ್ನು ಜೋರಾಗಿ ಹೇಳುತ್ತಾ ಅಡ್ಡಾಡಿದರು. ನೋಡಿದವರು ಹುಚ್ಚನೆಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಕೊನೆಗೆ ಜೇಮ್ಸ್ ಕೋವಿ ಎಂಬ ನಾವಿಕ ಆ ಅಂಕಿಗಳನ್ನು ಗುರುತಿಸಿದ. ಅದು ಮೆಂಡೆ ಭಾಷೆ. ಕೋವಿ ದುಭಾಷಿಯಾದ, ಕೈದಿಗಳ ಕಥೆ ಕೋರ್ಟಿಗೆ ಕೇಳಿಸಿತು. 1841ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರನ್ನು ಸ್ವತಂತ್ರರೆಂದು ಘೋಷಿಸಿತು. 1997ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ತೆಗೆದ ಅಮಿಸ್ಟಾಡ್ ಸಿನಿಮಾದಲ್ಲಿ ಈ ಪ್ರೊಫೆಸರ್ ಗಿಬ್ಸ್ ಪಾತ್ರವೂ ಇದೆ.

ಮಗ ಹೀಗೆ ಬೀದಿಗಿಳಿದ ಮನುಷ್ಯನಲ್ಲ. ಹೆಚ್ಚು ಮಾತಿಲ್ಲ, ಗಲಾಟೆಯಿಲ್ಲ, ಆರೋಗ್ಯವೂ ಅಷ್ಟಕ್ಕಷ್ಟೆ. ಹದಿನೈದನೇ ವಯಸ್ಸಿಗೆ ಯೇಲ್ ಸೇರಿ, 1858ರಲ್ಲಿ ಪದವಿ ಪಡೆದರು. 1855ರಲ್ಲಿ ತಾಯಿ, 1861ರಲ್ಲಿ ತಂದೆ ತೀರಿಕೊಂಡರು. ಅಪ್ಪ ಬಿಟ್ಟುಹೋದ ಆಸ್ತಿ ದೊಡ್ಡದಲ್ಲ, ಆದರೆ ಹೊಟ್ಟೆಬಟ್ಟೆಗೆ ತೊಂದರೆ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬರುತ್ತದೆ.

1863ರಲ್ಲಿ ಗಿಬ್ಸ್ ಡಾಕ್ಟರೇಟ್ ಪಡೆದರು. ವಿಷಯ ಕೇಳಿದರೆ ನಗು ಬರಬಹುದು: ಗೇರ್ ಚಕ್ರದ ಹಲ್ಲುಗಳು ಯಾವ ಆಕಾರದಲ್ಲಿರಬೇಕು ಎಂಬುದು. ಎಂಜಿನಿಯರಿಂಗ್‌ನಲ್ಲಿ ಅಮೆರಿಕ ಕೊಟ್ಟ ಮೊದಲ ಪಿಎಚ್‌ಡಿ ಇದೇ. ನಂತರ ಯೇಲ್‌ನಲ್ಲೇ ಎರಡು ವರ್ಷ ಲ್ಯಾಟಿನ್, ಒಂದು ವರ್ಷ ಭೌತವಿಜ್ಞಾನ ಕಲಿಸಿದರು. ರೈಲು ಬೋಗಿಯ ಬ್ರೇಕಿಗೆ ಒಂದು ಪೇಟೆಂಟ್ ಪಡೆದರು. 1866ರಲ್ಲಿ ಇಬ್ಬರು ಅಕ್ಕತಂಗಿಯರ ಜತೆ ಯೂರೋಪಿಗೆ ಹೊರಟು ಪ್ಯಾರಿಸ್, ಬರ್ಲಿನ್, ಹೈಡೆಲ್‌ಬರ್ಗ್‌ಗಳಲ್ಲಿ ಮೂರು ವರ್ಷ ಪಾಠ ಕೇಳಿದರು. 1869ರಲ್ಲಿ ವಾಪಸ್ ಬಂದ ಮೇಲೆ ನ್ಯೂ ಹೇವನ್ ಬಿಟ್ಟು ಹೆಚ್ಚು ದೂರ ಹೋದವರೇ ಅಲ್ಲ.

ಹುದ್ದೆ ಉಂಟು, ಸಂಬಳ ಇಲ್ಲ

1871ರಲ್ಲಿ ಯೇಲ್ ಅವರನ್ನು ಗಣಿತೀಯ ಭೌತವಿಜ್ಞಾನದ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಆಗ ಅವರಿಗೆ 32 ವರ್ಷ, ಹೆಸರು ಮಾಡುವಂಥ ಒಂದು ಪ್ರಬಂಧವೂ ಇನ್ನೂ ಪ್ರಕಟವಾಗಿರಲಿಲ್ಲ. ಹುದ್ದೆಗೆ ಸಂಬಳ ಇಲ್ಲ ಎಂಬುದು ನೇಮಕದಲ್ಲೇ ಇತ್ತು. ಗಿಬ್ಸ್ ಒಪ್ಪಿಕೊಂಡರು. ಅಪ್ಪನ ಆಸ್ತಿ ಕೈಹಿಡಿದದ್ದು ಇಲ್ಲೇ.

ಸಂಬಳವಿಲ್ಲದ ಆ ದಿನಗಳಲ್ಲಿ ಗಿಬ್ಸ್ ಕೈಗೆತ್ತಿಕೊಂಡ ಪ್ರಶ್ನೆ, ಆಗ ಯೂರೋಪಿನ ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರೂ ತಪ್ಪು ಉತ್ತರ ಕೊಡುತ್ತಿದ್ದ ಪ್ರಶ್ನೆ. ಎರಡು ವಸ್ತುಗಳನ್ನು ಬೆರೆಸಿದರೆ ಅವು ಕ್ರಿಯೆಗೆ ಇಳಿಯುತ್ತವೆಯೋ ಇಲ್ಲವೋ ಎಂಬುದನ್ನು ಮೊದಲೇ ಹೇಳುವುದು ಹೇಗೆ?

ಡೆನ್ಮಾರ್ಕಿನ ಥಾಮ್ಸೆನ್ ಮತ್ತು ಫ್ರಾನ್ಸಿನ ಬೆರ್ತಲೋ ಕೊಟ್ಟಿದ್ದ ಉತ್ತರ ಸರಳವಾಗಿತ್ತು: ಶಾಖ ಹೊರಬರುವ ಕ್ರಿಯೆ ತಾನಾಗಿ ನಡೆಯುತ್ತದೆ. ಸೌದೆ ಉರಿಯುತ್ತದೆ, ಶಾಖ ಬರುತ್ತದೆ, ಸರಿ. ಆದರೆ ಮೇಜಿನ ಮೇಲಿಟ್ಟ ಐಸ್ ಕರಗುವಾಗ ಶಾಖವನ್ನು ಒಳಗೆಳೆದುಕೊಳ್ಳುತ್ತದೆ, ಆದರೂ ತಾನಾಗಿಯೇ ಕರಗುತ್ತದೆ. ಗದ್ದೆಗೆ ಹಾಕುವ ಯೂರಿಯಾವನ್ನು ಬಕೆಟ್ ನೀರಿಗೆ ಸುರಿದು ನೋಡಿ, ಬಕೆಟ್ ತಣ್ಣಗಾಗುತ್ತದೆ. ಅದೂ ಶಾಖ ಒಳಗೆಳೆಯುವ ಕ್ರಿಯೆಯೇ, ಆದರೂ ಯಾರ ಒತ್ತಾಯವೂ ಇಲ್ಲದೆ ನಡೆಯುತ್ತದೆ. ಶಾಖ ಒಂದನ್ನೇ ನೋಡಿದರೆ ಇವೆರಡೂ ನಡೆಯಬಾರದಿತ್ತು.

ಲೆಕ್ಕ ಗೊತ್ತಿಲ್ಲದೆ ಹೋದರೆ ಆಗುವ ನಷ್ಟ ಪುಸ್ತಕದ್ದಷ್ಟೇ ಅಲ್ಲ. ಕಬ್ಬಿಣದ ಊದುಕುಲುಮೆಗಳ ಬಾಯಿಂದ ಬಳಕೆಯಾಗದ ಕಾರ್ಬನ್ ಮಾನಾಕ್ಸೈಡ್ ಹೊರಹೋಗುತ್ತಿತ್ತು. ಅದಿರಿನ ಜತೆ ಅನಿಲಕ್ಕೆ ಸಾಕಷ್ಟು ಸಮಯ ಸಿಗುತ್ತಿಲ್ಲ ಎಂದುಕೊಂಡ ಮಾಲೀಕರು ಭಾರಿ ಖರ್ಚು ಮಾಡಿ ಇನ್ನೂ ಎತ್ತರದ ಕುಲುಮೆ ಕಟ್ಟಿಸಿದರು. ಆದರೂ ಅನಿಲ ಅಷ್ಟೇ ಹೊರಬಂತು. ಆ ಕ್ರಿಯೆ ಪೂರ್ತಿಯಾಗಿ ಮುಗಿಯುವಂಥದ್ದೇ ಅಲ್ಲ, ಒಂದು ಹಂತಕ್ಕೆ ಬಂದು ಸಮತೋಲನದಲ್ಲಿ ನಿಲ್ಲುತ್ತದೆ. ಮೊದಲೇ ಲೆಕ್ಕ ಹಾಕಿದ್ದರೆ ಇದು ಕಾಗದದ ಮೇಲೇ ಗೊತ್ತಾಗುತ್ತಿತ್ತು ಎಂದು ಫ್ರೆಂಚ್ ವಿಜ್ಞಾನಿ ಲ ಶಾತೆಲಿಯೆ ಆಮೇಲೆ ಎತ್ತಿ ತೋರಿಸಿದರು.

ಮ್ಯಾಕ್ಸ್‌ವೆಲ್ ಕೈಯಾರೆ ಮಾಡಿ ಕಳಿಸಿದ ಉಡುಗೊರೆ

1873ರಲ್ಲಿ ಗಿಬ್ಸ್ ಎರಡು ಪ್ರಬಂಧ ಪ್ರಕಟಿಸಿದರು. ಪ್ರಕಟವಾಗಿದ್ದು ಯಾವ ದೊಡ್ಡ ಪತ್ರಿಕೆಯಲ್ಲೂ ಅಲ್ಲ, ತಮ್ಮದೇ ರಾಜ್ಯದ ಕನೆಕ್ಟಿಕಟ್ ಅಕಾಡೆಮಿಯ ಪತ್ರಿಕೆಯಲ್ಲಿ. ಓದುಗರು ಬೆರಳೆಣಿಕೆಯಷ್ಟು. ಗಿಬ್ಸ್ ಪ್ರತಿಗಳನ್ನು ಯೂರೋಪಿನ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು.

ಅದನ್ನು ಗಂಭೀರವಾಗಿ ಓದಿದ ಒಬ್ಬರಿದ್ದರು, ಕೇಂಬ್ರಿಡ್ಜ್‌ನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ವಿದ್ಯುತ್ತು ಮತ್ತು ಕಾಂತತ್ವವನ್ನು ಒಂದೇ ಸೂತ್ರಮಾಲೆಯಲ್ಲಿ ಕಟ್ಟಿದವರು ಇವರೇ. ಒಂದು ವಸ್ತುವಿನ ಶಕ್ತಿ, ಎಂಟ್ರೋಪಿ, ಗಾತ್ರ ಈ ಮೂರನ್ನೂ ಒಂದು ಉಬ್ಬುತಗ್ಗಿನ ಮೈಯಾಗಿ ಕಲ್ಪಿಸಿಕೊಳ್ಳಬಹುದು ಎಂದು ಗಿಬ್ಸ್ ಬರೆದಿದ್ದರು. ಮ್ಯಾಕ್ಸ್‌ವೆಲ್ ಅದನ್ನು ಪ್ಲಾಸ್ಟರ್‌ನಲ್ಲಿ ತಾವೇ ಮಾಡಿ, ಒಂದು ಎರಕದ ಪ್ರತಿಯನ್ನು ಗಿಬ್ಸ್‌ಗೆ ಕಳಿಸಿದರು. ಇದನ್ನು ಯಾರು ಕಳಿಸಿದ್ದೆಂದು ವಿದ್ಯಾರ್ಥಿಗಳು ಕೇಳಿದರೆ, ಇಂಗ್ಲೆಂಡಿನ ಒಬ್ಬ ಸ್ನೇಹಿತರು ಎಂದಷ್ಟೇ ಗಿಬ್ಸ್ ಹೇಳುತ್ತಿದ್ದರಂತೆ. ನಾವಾಗಿದ್ದರೆ ಕೂಡಲೇ ಫೋಟೊ ತೆಗೆದು ಸ್ಟೇಟಸ್ ಹಾಕಿರುತ್ತಿದ್ದೆವು.

ಮ್ಯಾಕ್ಸ್‌ವೆಲ್ 1879ರಲ್ಲಿ, 48ರ ವಯಸ್ಸಿನಲ್ಲೇ ತೀರಿಕೊಂಡರು. ಗಿಬ್ಸ್ ಬರಹವನ್ನು ಯೂರೋಪಿಗೆ ವಿವರಿಸಿ ಹೇಳಬಲ್ಲ ದೊಡ್ಡ ದನಿ ಅಲ್ಲಿಗೆ ನಿಂತುಹೋಯಿತು.

ಅಷ್ಟರಲ್ಲಿ ಗಿಬ್ಸ್ ಮುಖ್ಯ ಕೆಲಸ ಮುಗಿಸಿದ್ದರು. ಭಿನ್ನ ಭಿನ್ನ ವಸ್ತುಗಳ ಸಮತೋಲನದ ಬಗೆಗಿನ ಆ ಪ್ರಬಂಧ 1875ರಿಂದ 1878ರ ನಡುವೆ ಎರಡು ಭಾಗಗಳಲ್ಲಿ ಹೊರಬಂತು. ಸುಮಾರು 300 ಪುಟ, 700 ಸಮೀಕರಣ. ಇಷ್ಟು ಗಣಿತವನ್ನು ಅಚ್ಚು ಹಾಕಿಸುವಷ್ಟು ಹಣ ಅಕಾಡೆಮಿಯ ಬಳಿ ಇರಲಿಲ್ಲ. ಯೇಲ್‌ನ ಪ್ರಾಧ್ಯಾಪಕರು, ನ್ಯೂ ಹೇವನ್‌ನ ವ್ಯಾಪಾರಿಗಳು ಚಂದಾ ಎತ್ತಿ ಕೊಟ್ಟರು. ಅಚ್ಚಾಗುತ್ತಿದ್ದುದು ಅವರಲ್ಲಿ ಹೆಚ್ಚಿನವರಿಗೆ ಅರ್ಥವಾಗುವಂತಿರಲಿಲ್ಲ. ಆದರೂ ಕೊಟ್ಟರು. ಈ ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಜನ ಇವರೇ.

ಎಲೆಯಡಿಕೆ ಸುಣ್ಣದಲ್ಲಿ ಗಿಬ್ಸ್ ಲೆಕ್ಕ

ಗಿಬ್ಸ್ ಹೇಳಿದ್ದೇನು? ಒಂದು ಕ್ರಿಯೆ ನಡೆದಾಗ ಎರಡು ಸಂಗತಿ ಒಟ್ಟಿಗೆ ಬದಲಾಗುತ್ತವೆ. ಒಂದು, ಶಾಖದ ಲೆಕ್ಕ: ಎಷ್ಟು ಹೊರಗೆ ಹೋಯಿತು ಅಥವಾ ಒಳಗೆ ಬಂತು. ಪುಸ್ತಕದಲ್ಲಿ ಇದು ಎಂಥಾಲ್ಪಿ, ಸೂತ್ರದ ‘ಎಚ್’. ಇನ್ನೊಂದು ಎಂಟ್ರೋಪಿ, ‘ಎಸ್’. ಶಕ್ತಿ ಎಷ್ಟು ಬಗೆಯಲ್ಲಿ ಹಂಚಿ ಚದುರಿದೆ ಎಂಬುದರ ಅಳತೆ. ಗಟ್ಟಿ ವಸ್ತುವಿನಿಂದ ಅನಿಲ ಹೊರಬಂದರೆ ಎಂಟ್ರೋಪಿ ಚೆನ್ನಾಗಿ ಏರುತ್ತದೆ. ‘ಟಿ’ ಎಂದರೆ ಉಷ್ಣಾಂಶ, ಕೆಲ್ವಿನ್ ಲೆಕ್ಕದಲ್ಲಿ.

ಪಾತ್ರೆಯ ಒಳಗಿನದ್ದು ಮತ್ತು ಹೊರಗಿನ ಪರಿಸರ ಎರಡನ್ನೂ ಸೇರಿಸಿದ ಒಟ್ಟು ಎಂಟ್ರೋಪಿ ಏರುವುದಾದರೆ ಮಾತ್ರ ಕ್ರಿಯೆ ತಾನಾಗಿ ನಡೆಯುತ್ತದೆ ಎಂಬುದು ಮೂಲ ನಿಯಮ. ಆದರೆ ಇಡೀ ಪರಿಸರವನ್ನು ಅಳೆಯುವುದು ಹೇಗೆ? ಉಷ್ಣಾಂಶ ಮತ್ತು ಒತ್ತಡ ಬದಲಾಗದಿದ್ದರೆ, ಪಾತ್ರೆಯ ಒಳಗಿನ ಸಂಗತಿಗಳನ್ನಷ್ಟೇ ಇಟ್ಟುಕೊಂಡು ಅದೇ ತೀರ್ಪು ಕೊಡಬಲ್ಲ ಒಂದು ಪ್ರಮಾಣ ಇದೆ ಎಂದು ಗಿಬ್ಸ್ ತೋರಿಸಿದರು. ಅದಕ್ಕೇ ಇಂದು ಗಿಬ್ಸ್ ಮುಕ್ತ ಶಕ್ತಿ ಎನ್ನುವುದು. ಆ ಹೆಸರು ಅವರು ಇಟ್ಟದ್ದಲ್ಲ. ಅವರು ಬಳಸಿದ್ದು ಗ್ರೀಕ್‌ನ ಜೀಟಾ ಅಕ್ಷರ.

ಒಂದು ಉದಾಹರಣೆ ನೋಡೋಣ. ಎಲೆಯಡಿಕೆಗೆ ಹಚ್ಚುವ ಸುಣ್ಣ, ಹಿಂದೆ ಗೋಡೆಗೆ ಬಳಿಯುತ್ತಿದ್ದ ಸುಣ್ಣ, ಎಲ್ಲದರ ಮೂಲ ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಗೂಡಿನಲ್ಲಿ ಸುಡುವುದು. ಸುಡುವಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆದು ಸುಟ್ಟ ಸುಣ್ಣ ಉಳಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. ಒಂದು ಮೋಲ್ ಕಲ್ಲಿಗೆ ಸುಮಾರು 178 ಕಿಲೋಜೂಲ್ ಶಾಖ ಒಳಗೆ ಹೋಗಬೇಕು. ಎಂಟ್ರೋಪಿ ಪ್ರತಿ ಕೆಲ್ವಿನ್‌ಗೆ ಸುಮಾರು 160 ಜೂಲ್ ಏರುತ್ತದೆ.

ಮನೆಯ ಉಷ್ಣಾಂಶ 25 ಡಿಗ್ರಿ ಅಂದರೆ 298 ಕೆಲ್ವಿನ್. 298ನ್ನು 160ರಿಂದ ಗುಣಿಸಿದರೆ ಸುಮಾರು 48 ಕಿಲೋಜೂಲ್. 178ರಲ್ಲಿ 48 ಕಳೆದರೆ ಪ್ಲಸ್ 130. ಹಾಗಾಗಿ ಅಂಗಳದಲ್ಲಿ ಬಿದ್ದಿರುವ ಸುಣ್ಣದ ಕಲ್ಲು ಕಲ್ಲಾಗಿಯೇ ಇರುತ್ತದೆ. ಈಗ ಗೂಡಿಗೆ ಬೆಂಕಿ ಹಾಕಿ 1,200 ಕೆಲ್ವಿನ್‌ಗೆ ಏರಿಸಿ. 1,200 ಗುಣಿಸು 160 ಅಂದರೆ 192 ಕಿಲೋಜೂಲ್. 178ರಲ್ಲಿ 192 ಕಳೆದರೆ ಮೈನಸ್ 14. ಕಲ್ಲು ಒಡೆಯುತ್ತದೆ. ಪ್ಲಸ್ ಮೈನಸ್ ಆಗುವ ಜಾಗ ಬೇಕೆಂದರೆ 178 ಕಿಲೋಜೂಲನ್ನು, ಅಂದರೆ 1,78,000 ಜೂಲನ್ನು 160ರಿಂದ ಭಾಗಿಸಿ: ಸುಮಾರು 1,110 ಕೆಲ್ವಿನ್, ನಮ್ಮ ಲೆಕ್ಕದಲ್ಲಿ 840 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಉಷ್ಣಾಂಶ ಏರಿದಂತೆ ಆ 178 ಮತ್ತು 160 ಕೂಡ ಸ್ವಲ್ಪ ಬದಲಾಗುವುದರಿಂದ ಇದು ಅಂದಾಜು ಲೆಕ್ಕ. ಆದರೂ ಗೂಡು ಎಷ್ಟು ಕಾಯಬೇಕು ಎಂದು ಕಲ್ಲು ಸುಡದೆಯೇ ಗೊತ್ತಾಯಿತಲ್ಲ.

ಇಲ್ಲೊಂದು ಎಚ್ಚರಿಕೆ. ಮೈನಸ್ ಬಂದರೆ ಕ್ರಿಯೆಯ ದಿಕ್ಕು ಗೊತ್ತಾಗುತ್ತದೆ, ವೇಗ ಗೊತ್ತಾಗುವುದಿಲ್ಲ. ವಜ್ರ ಗ್ರಾಫೈಟ್ ಆಗುವುದಕ್ಕೆ ಡೆಲ್ಟಾ ಜಿ ಮೈನಸ್ 2.9 ಕಿಲೋಜೂಲ್. ಅಂದರೆ ಉಂಗುರದಲ್ಲಿರುವ ವಜ್ರ ಪೆನ್ಸಿಲ್ ಕಡ್ಡಿಯಾಗುವ ದಿಕ್ಕಿನಲ್ಲೇ ಇದೆ. ಹೆದರಿ ಮಾರಲು ಹೋಗಬೇಡಿ, ಮನೆಯ ಉಷ್ಣಾಂಶದಲ್ಲಿ ಆ ಬದಲಾವಣೆ ಆಗುವುದೇ ಇಲ್ಲ ಎನ್ನುವಷ್ಟು ನಿಧಾನ.

3,000 ಡಾಲರ್ ಬಿಟ್ಟು 2,000ಕ್ಕೆ ಉಳಿದರು

1880ರಲ್ಲಿ ಬಾಲ್ಟಿಮೋರ್‌ನಲ್ಲಿ ಹೊಸದಾಗಿ ಶುರುವಾಗಿದ್ದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಗಿಬ್ಸ್ ಅವರನ್ನು ಕರೆಯಿತು. ವರ್ಷಕ್ಕೆ 3,000 ಡಾಲರ್ ಸಂಬಳ. ಒಂಬತ್ತು ವರ್ಷ ಬಿಟ್ಟಿ ದುಡಿದವರಿಗೆ ಇದು ಸಣ್ಣ ಮಾತಲ್ಲ. ಆಗ ಯೇಲ್‌ಗೆ ಎಚ್ಚರವಾಯಿತು. ಭೂವಿಜ್ಞಾನಿ ಜೇಮ್ಸ್ ಡ್ವೈಟ್ ಡೇನಾ ಸೇರಿದಂತೆ ಸಹೋದ್ಯೋಗಿಗಳು ಬಿಟ್ಟುಹೋಗಬೇಡಿ ಎಂದು ಕೇಳಿಕೊಂಡರು. ಯೇಲ್ 2,000 ಡಾಲರ್ ಕೊಡಲು ಒಪ್ಪಿತು. ಗಿಬ್ಸ್ ಅದಕ್ಕೇ ಒಪ್ಪಿ ಉಳಿದುಕೊಂಡರು.

ಯಾಕೆ ಉಳಿದರು ಎಂಬುದಕ್ಕೆ ಅವರ ದಿನಚರಿಯೇ ಉತ್ತರ ಎನಿಸುತ್ತದೆ. ಅಪ್ಪ ಕಟ್ಟಿಸಿದ ಮನೆಯಲ್ಲಿ ಅವರು ಕೊನೆತನಕ ಇದ್ದರು. ಮದುವೆಯಾಗಲಿಲ್ಲ. ಸೋದರಿ ಆನಾ, ಇನ್ನೊಬ್ಬ ಸೋದರಿ ಜೂಲಿಯಾ, ಆಕೆಯ ಗಂಡ ಮತ್ತು ಮಕ್ಕಳ ಜತೆ ಕೂಡು ಕುಟುಂಬ. ಭಾವ ಆಡಿಸನ್ ವ್ಯಾನ್ ನೇಮ್ ಯೇಲ್‌ನ ಗ್ರಂಥಪಾಲಕರು. ಮನೆಯಿಂದ ಕಾಲೇಜು ನಡೆದು ಹೋಗುವಷ್ಟು ಹತ್ತಿರ. ತಾವು ಓದಿದ ಹೈಸ್ಕೂಲಿನ ಆಡಳಿತ ಮಂಡಳಿಯ ಲೆಕ್ಕಪತ್ರವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಕಣ್ಣಿನ ದೋಷವನ್ನು ತಾವೇ ಕಂಡುಹಿಡಿದು, ಅದಕ್ಕೆ ತಕ್ಕ ಲೆನ್ಸ್ ಅನ್ನೂ ತಾವೇ ಹೊಂದಿಸಿಕೊಂಡಿದ್ದರು. ಊಟದ ಹೊತ್ತಿಗೆ ಸಲಾಡ್ ಕಲಸುವ ಕೆಲಸ ತಮ್ಮದೇ ಎಂದು ಹಟ ಹಿಡಿಯುತ್ತಿದ್ದರಂತೆ. ಭಿನ್ನ ವಸ್ತುಗಳ ಸಮತೋಲನದಲ್ಲಿ ಮನೆಯಲ್ಲಿ ತಮಗಿಂತ ತಜ್ಞರು ಇಲ್ಲ ಎಂಬುದು ಅವರ ವಾದ!

ಇತ್ತ ಅವರ ಪ್ರಬಂಧ ಕಪಾಟುಗಳಲ್ಲಿ ಧೂಳು ತಿನ್ನುತ್ತಿತ್ತು. ಬರವಣಿಗೆಯೂ ಸುಲಭದ್ದಲ್ಲ. ಉದಾಹರಣೆ ಕಡಿಮೆ, ಗಣಿತ ಜಾಸ್ತಿ, ಒಂದು ಮಾತನ್ನು ಎರಡು ಸಲ ಹೇಳುವ ಅಭ್ಯಾಸವೇ ಅವರಿಗಿಲ್ಲ. ಇದರಲ್ಲಿ ತಪ್ಪೆಲ್ಲ ಓದುಗರದ್ದೇ ಎನ್ನಲಾಗದು. ಪರಿಣಾಮ, ಗಿಬ್ಸ್ ಆಗಲೇ ಮುಗಿಸಿದ್ದ ಕೆಲಸವನ್ನು ಬೇರೆಯವರು ಮತ್ತೆ ಮಾಡಬೇಕಾಯಿತು. 1882ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಮುಕ್ತ ಶಕ್ತಿಯ ಕಲ್ಪನೆಯನ್ನು ಸ್ವತಂತ್ರವಾಗಿ ಮುಂದಿಟ್ಟರು. ಇಂದು ಒಂದು ಸಮೀಕರಣಕ್ಕೆ ಗಿಬ್ಸ್ ಮತ್ತು ಹೆಲ್ಮ್‌ಹೋಲ್ಟ್ಸ್ ಇಬ್ಬರ ಹೆಸರೂ ಇದೆ.

1892ರಲ್ಲಿ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ ಜರ್ಮನ್ ಅನುವಾದ ತಂದರು. 1899ರಲ್ಲಿ ಲ ಶಾತೆಲಿಯೆ ಫ್ರೆಂಚ್ ಅನುವಾದ ತಂದರು. ಹಾಲೆಂಡಿನಲ್ಲಿ ವ್ಯಾನ್ ಡರ್ ವಾಲ್ಸ್ ಅವರಿಂದ ಗಿಬ್ಸ್ ಪ್ರಬಂಧದ ವಿಷಯ ತಿಳಿದ ರೋಜೆಬೂಮ್, ಅದರಲ್ಲಿದ್ದ ನಾಲ್ಕೇ ಪುಟದಷ್ಟು ಚಿಕ್ಕದಾದ ಫೇಸ್ ನಿಯಮವನ್ನು ಪ್ರಯೋಗಕ್ಕೆ ಒಡ್ಡಿ, ಉಕ್ಕಿನಂಥ ಮಿಶ್ರಲೋಹಗಳನ್ನು ಅರಿಯುವ ದಾರಿ ತೆರೆದರು. ಅಮೆರಿಕದವರೇ ಆದ ಗಿಬ್ಸ್, ಅಮೆರಿಕನ್ನರಿಗೆ ಸರಿಯಾಗಿ ಪರಿಚಯವಾದದ್ದು ಯೂರೋಪನ್ನು ಸುತ್ತಿ ಬಂದ ಮೇಲೆ.

ಎಲೆಕ್ಟ್ರಾನ್ ಕಂಡುಹಿಡಿದ ಜೆ.ಜೆ. ಥಾಮ್ಸನ್ ತಮ್ಮ ನೆನಪುಗಳಲ್ಲಿ ಒಂದು ಪ್ರಸಂಗ ಬರೆದಿದ್ದಾರೆ. ಅಮೆರಿಕದ ಹೊಸ ವಿಶ್ವವಿದ್ಯಾಲಯವೊಂದರ ಅಧ್ಯಕ್ಷರು ಕೇಂಬ್ರಿಡ್ಜ್‌ಗೆ ಬಂದು, ಒಳ್ಳೆಯ ಪ್ರಾಧ್ಯಾಪಕರು ಯಾರಾದರೂ ಬೇಕು ಎಂದು ಕೇಳಿದರು. ನಿಮ್ಮಲ್ಲೇ ವಿಲ್ಲರ್ಡ್ ಗಿಬ್ಸ್ ಇದ್ದಾರಲ್ಲ ಎಂದರು ಥಾಮ್ಸನ್. ಅಧ್ಯಕ್ಷರು ಅದನ್ನು ವಾಲ್ಕಾಟ್ ಗಿಬ್ಸ್ ಎಂಬ ಬೇರೊಬ್ಬ ರಸಾಯನಶಾಸ್ತ್ರಜ್ಞರ ಹೆಸರೆಂದುಕೊಂಡರು. ವಿಲ್ಲರ್ಡ್ ಗಿಬ್ಸ್ ಎಂಬುವರ ಹೆಸರನ್ನೇ ಅವರು ಕೇಳಿರಲಿಲ್ಲ.

ಕೊನೆಯ ವರ್ಷಗಳು

ಗಿಬ್ಸ್ ಒಂದೇ ಕೆಲಸಕ್ಕೆ ಅಂಟಿಕೊಂಡವರಲ್ಲ. ಭೌತವಿಜ್ಞಾನದಲ್ಲಿ ನಾವು ಬರೆಯುವ ವೆಕ್ಟರ್‌ಗಳ ಡಾಟ್ ಮತ್ತು ಕ್ರಾಸ್ ಗುಣಾಕಾರ ಅವರ ಪಾಠದ ಟಿಪ್ಪಣಿಗಳಿಂದ ಬಂದದ್ದು. 1901ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕೋಪ್ಲಿ ಪದಕ ಕೊಟ್ಟಿತು. ನೊಬೆಲ್ ಶುರುವಾಗಿದ್ದೂ ಅದೇ ವರ್ಷ. ಅದು ಅವರಿಗೆ ಸಿಗಲಿಲ್ಲ. 1902ರಲ್ಲಿ ಸ್ಟ್ಯಾಟಿಸ್ಟಿಕಲ್ ಮೆಕಾನಿಕ್ಸ್ ಕುರಿತ ಪುಸ್ತಕ ಬಂತು. ಮರುವರ್ಷ, 1903ರ ಏಪ್ರಿಲ್ 28ರಂದು, ಅಲ್ಪ ಕಾಲದ ಅನಾರೋಗ್ಯದ ನಂತರ ನ್ಯೂ ಹೇವನ್‌ನಲ್ಲೇ ತೀರಿಕೊಂಡರು. 64 ವರ್ಷ ವಯಸ್ಸು.

ಅವರ ಲೆಕ್ಕದ ದೊಡ್ಡ ಪರೀಕ್ಷೆಯೊಂದು ನಡೆದದ್ದು ಆಮೇಲೆ. ಗಾಳಿಯ ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿಸಿ ಅಮೋನಿಯಾ ಮಾಡುವ ಕ್ರಿಯೆಗೆ 25 ಡಿಗ್ರಿಯಲ್ಲಿ ಡೆಲ್ಟಾ ಜಿ ಮೈನಸ್ 33 ಕಿಲೋಜೂಲ್. ನಡೆಯಬೇಕು, ಆದರೆ ವೇಗವೇ ಇಲ್ಲ. ವೇಗ ಬರಲೆಂದು 450 ಡಿಗ್ರಿಗೆ ಕಾಯಿಸಿದರೆ, ಸಾಮಾನ್ಯ ಒತ್ತಡದಲ್ಲಿ ಅದೇ ಲೆಕ್ಕ ಪ್ಲಸ್ 50ರ ಆಸುಪಾಸಿಗೆ ಹೋಗುತ್ತದೆ, ಅಮೋನಿಯಾ ಸಿಗುವುದು ಚೂರುಪಾರು. ಒತ್ತಡ ಏರಿಸಿದರೆ ಲೆಕ್ಕ ಮತ್ತೆ ಅಮೋನಿಯಾ ಕಡೆಗೆ ವಾಲುತ್ತದೆ. ಜರ್ಮನಿಯಲ್ಲಿ ಫ್ರಿಟ್ಜ್ ಹೇಬರ್ ಸುಮಾರು 200 ಪಟ್ಟು ಒತ್ತಡ ಮತ್ತು ತಕ್ಕ ವೇಗವರ್ಧಕ ಬಳಸಿ 1909ರಲ್ಲಿ ಇದನ್ನು ಮಾಡಿ ತೋರಿಸಿದರು. 1913ರಲ್ಲಿ ಕಾರ್ಖಾನೆ ಶುರುವಾಯಿತು. ಬಕೆಟ್ ತಣ್ಣಗೆ ಮಾಡುವ ಆ ಯೂರಿಯಾ ಇಂದು ತಯಾರಾಗುವುದು ಈ ಅಮೋನಿಯಾದಿಂದಲೇ.

1923ರಲ್ಲಿ ಅಮೆರಿಕದ ಲೂಯಿಸ್ ಮತ್ತು ರ‍್ಯಾಂಡಲ್ ಬರೆದ ಪಠ್ಯಪುಸ್ತಕ, ಗಿಬ್ಸ್ ಅವರ ಕಠಿಣ ಪುಟಗಳನ್ನು ಯಾವ ರಸಾಯನಶಾಸ್ತ್ರದ ವಿದ್ಯಾರ್ಥಿಯೂ ಬಳಸಬಹುದಾದ ಲೆಕ್ಕವಾಗಿ ಇಳಿಸಿಕೊಟ್ಟಿತು. ನಮ್ಮ ಪಠ್ಯದ ಹಿಂಬದಿಯಲ್ಲಿರುವ ಕೋಷ್ಟಕಗಳ ವಂಶಾವಳಿ ಅಲ್ಲಿಗೆ ಹೋಗುತ್ತದೆ. 2005ರಲ್ಲಿ ಅಮೆರಿಕ ಗಿಬ್ಸ್ ಹೆಸರಿನಲ್ಲಿ ಅಂಚೆಚೀಟಿ ಹೊರತಂದಿತು.

ನ್ಯೂ ಹೇವನ್‌ನ ಗ್ರೋವ್ ಸ್ಟ್ರೀಟ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಕಲ್ಲಿನ ಮೇಲೆ ಸೂತ್ರವಿಲ್ಲ. ಹೆಸರು, ಹುಟ್ಟಿದ ಮತ್ತು ಸತ್ತ ದಿನ, ಯೇಲ್‌ನಲ್ಲಿ ಗಣಿತೀಯ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು ಎಂಬ ಮಾತು, ಮತ್ತು ಅವಧಿ: 1871ರಿಂದ 1903. ಸಂಬಳವಿಲ್ಲದ ಆ 9 ವರ್ಷಗಳೂ ಅದರಲ್ಲಿ ಸೇರಿವೆ.